ಓದುವ ಕಿಟಕಿಗೆ ಕುಂಕುಮ

ಶ್ರೀಮತಿಯ ಹೆಸರೇ ಶ್ರೀಮತಿ. ರೇಷನ್ ಕಾರ್ಡು, ಗ್ಯಾಸಿನ ಪುಸ್ತಕ, ಸೊಸೈಟಿಯ ನೋಟೀಸು, ಎಲ್ಲ ಕಡೆ ‘ಶ್ರೀಮತಿ ಶ್ರೀಮತಿ’ ಎಂದು ಬರೆಯಬೇಕಾಗಿ ಬಂದಾಗ ಮುಂಬಯಿ ಹತ್ತಿರದ ಡೊಂಬಿವಲಿಯ ಗುಮಾಸ್ತರೆಲ್ಲ ಪೆನ್ನು ಎತ್ತಿ ಒಮ್ಮೆ ಅವಳ ಮುಖ ನೋಡಿದವರೇ. ಅವಳೂ ನಕ್ಕುಬಿಡುತ್ತಿದ್ದಳು. ನಗುವುದಕ್ಕೆ ಅವಳು ಯಾವತ್ತೂ ಕಾರಣ ಹುಡುಕಿದವಳಲ್ಲ. ಆ ವರ್ಷದ ದಸರೆಯ ಬೆಳಿಗ್ಗೆಯೂ ಹಾಗೇ, ಒಲೆಯ ಮುಂದೆ ನಿಂತು ಶಿರಾಕ್ಕೆ ರವೆ ಹುರಿಯುತ್ತ ಏನೋ ಗುನುಗುತ್ತಿದ್ದಳು. ಒಳಗಿನ ಕೋಣೆಯಲ್ಲಿ ಗಂಡ ರಘುಪತಿ ಕಪಾಟು ತೆಗೆದ ಸದ್ದಾಯಿತು.

“ಶ್ರೀಮತೀ, ಇಲ್ಲಿದ್ದ ಡಿಸ್ಕ್ ಎಲ್ಲಿ ಮಾರಾಯ್ತಿ?”

“ದೇವರ ಹತ್ರ ಉಂಟು. ನಿನ್ನೆ ಪುಸ್ತಕದ ಒಟ್ಟಿಗೆ ಪೂಜೆಗೆ ಇಟ್ಟಿದ್ದೇನೆ,” ಎಂದಳು, ದೊಡ್ಡ ಉಪಕಾರ ಮಾಡಿದವಳ ಹಾಗೆ.

ಗಂಡ ದೇವರ ಮೂಲೆಗೆ ಹೋದದ್ದು ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ. ರಘುಪತಿ ಬೈಯುವ ಮನುಷ್ಯ. ಕಾಫಿ ತಣ್ಣಗಾದರೆ ಬೈಯುತ್ತಾನೆ, ಲೋಕಲ್ ತಡವಾದರೆ ಬೈಯುತ್ತಾನೆ, ಬೈಯಲು ಯಾರೂ ಸಿಗದಿದ್ದರೆ ಸೀಲಿಂಗ್ ಫ್ಯಾನಿಗಾದರೂ ಎರಡು ಮಾತು ಹೇಳುತ್ತಾನೆ. ಅಂಥವನು ಸುಮ್ಮನಾದನೆಂದರೆ ಏನೋ ಆಗಬಾರದ್ದು ಆಗಿದೆ. ಶ್ರೀಮತಿ ಒಲೆ ಆರಿಸಿ, ಸೌಟು ಹಿಡಿದುಕೊಂಡೇ ಓಡಿದಳು.

ಅವನು ಎರಡೂ ಅಂಗೈಗಳ ಮೇಲೆ ಆ ಕಪ್ಪು ಚೌಕವನ್ನು ಇಟ್ಟುಕೊಂಡು ನಿಂತಿದ್ದ. ದೊಡ್ಡ ಹಪ್ಪಳದಷ್ಟು ಅಗಲದ ಹಳೇ ಕಾಲದ ಫ್ಲಾಪಿ ಡಿಸ್ಕು. ಕಪ್ಪು ಲಕೋಟೆಯ ಒಳಗೆ ಕಂದು ಬಣ್ಣದ ತೆಳು ತಟ್ಟೆ. ಲಕೋಟೆಯಲ್ಲೊಂದು ಉದ್ದನೆಯ ಸೀಳು, ಆ ಸೀಳಿನಲ್ಲಿ ಮಾತ್ರ ತಟ್ಟೆ ಹೊರಗೆ ಕಾಣುತ್ತದೆ. ಸರಿಯಾಗಿ ಆ ಸೀಳಿನೊಳಗೆ ಗಂಧ, ಗಂಧದ ಮೇಲೆ ಕುಂಕುಮ, ಕುಂಕುಮಕ್ಕೆ ಅಂಟಿದ ಅಕ್ಷತೆ. ಎಲ್ಲ ಒಣಗಿ ಗಟ್ಟಿಯಾಗಿತ್ತು.

“ಇಷ್ಟು ದೊಡ್ಡ ಡಿಸ್ಕಿನಲ್ಲಿ ಇಲ್ಲೇ ಯಾಕೆ ಹಚ್ಚಿದೆ?” ಅವನ ಸ್ವರ ಬಾವಿಯೊಳಗಿಂದ ಬಂತು.

“ಅಲ್ಲಿಂದಲೇ ಅಲ್ವಾ ಅದು ಓದುವುದು? ನೀವೇ ಹೇಳಿದ್ದು.”

ಹೇಳಿದ್ದು ಹೌದು. ಐರೋಲಿಯ ಒಂದು ಕಂಪನಿಯ ತಳಮಾಳಿಗೆಯಲ್ಲಿ ಹಳೇ ಕಂಪ್ಯೂಟರುಗಳ ಮ್ಯೂಸಿಯಂ ಇತ್ತು. ರಘುಪತಿ ಅಲ್ಲಿ ಯಂತ್ರಗಳನ್ನು ಚಾಲೂ ಇಡುವವ. ‘ಗಾಜಿನೊಳಗೆ ಮಲಗಿಸಿ ಹಾರ ಹಾಕ್ಲಿಕ್ಕೆ ಇವೇನು ಸತ್ತುಹೋಗಿವೆಯಾ?’ ಎಂದು ಬಂದವರ ಹತ್ತಿರವೆಲ್ಲ ಜಗಳಕ್ಕೆ ನಿಂತವನಂತೆ ಕೇಳುತ್ತಿದ್ದ. ಶಾಲೆಯ ಮಕ್ಕಳು ಬಂದರಂತೂ ಅವನ ಹಿಗ್ಗು ಕೇಳಬೇಡಿ. ಒಂದು ಕಾಲದಲ್ಲಿ ಬಟ್ಟೆಮಿಲ್ಲಿನವರ ಸಂಬಳದ ಲೆಕ್ಕ ಮಾಡುತ್ತಿದ್ದ, ಕಪಾಟಿನಷ್ಟು ಎತ್ತರದ ಯಂತ್ರವೊಂದಿತ್ತು. ಮಗುವಿನ ಹೆಸರು ಒತ್ತಿದರೆ ಸಾಕು, ಪ್ರಿಂಟರು ಗರಗರ ಎಂದು ಗೇಣುದ್ದದ ಅಕ್ಷರಗಳಲ್ಲಿ ಆ ಹೆಸರನ್ನು ಅಚ್ಚು ಹಾಕಿ ಕೊಡುತ್ತಿತ್ತು. ‘ಡಿಸ್ಕಿನಲ್ಲಿ ಬರೆದದ್ದನ್ನು ಯಂತ್ರ ಓದುತ್ತದೆ. ಇಗೋ, ಈ ಕಿಟಕಿಯಿಂದ’ ಎಂದು ಮಕ್ಕಳಿಗೆ ಮರಾಠಿಯಲ್ಲಿ, ಹೆಂಡತಿಗೆ ಕನ್ನಡದಲ್ಲಿ ಹೇಳಿ ಹೇಳಿ ಅವನಿಗೆ ಸಾಕಾಗಿರಲಿಲ್ಲ. ಓದುವುದು ಎಂದ ಮೇಲೆ ಅದೂ ಪುಸ್ತಕವೇ ತಾನೆ? ನವರಾತ್ರಿಯಲ್ಲಿ ಪುಸ್ತಕವನ್ನು ಶಾರದೆಯ ಮುಂದಿಟ್ಟು ಗಂಧ ಹಚ್ಚಬೇಕೆಂದು ಉಡುಪಿಯವರ ಮನೆಯಲ್ಲಿ ಯಾರೂ ಹೇಳಿಕೊಡಬೇಕಾಗಿಲ್ಲ. ಪುಸ್ತಕವಾದರೆ ರಟ್ಟಿಗೆ ಹಚ್ಚಬಹುದು. ಇದಕ್ಕೆ? ಓದುವ ಜಾಗಕ್ಕೇ ಹಚ್ಚಿದಳು. ಅವಳ ಲೆಕ್ಕ ಎಲ್ಲೂ ತಪ್ಪಿರಲಿಲ್ಲ, ಪಾಪ.

ಆದರೆ ಇವತ್ತೇ ಆ ಡಿಸ್ಕು ಓದಬೇಕಾಗಿತ್ತು. ಕಂಪನಿ ಕೈಬದಲಾಗಿ, ಹೊಸಬರಿಗೆ ತಳಮಾಳಿಗೆಯಲ್ಲಿ ಜಿಮ್ ಬೇಕಾಗಿ, ಮ್ಯೂಸಿಯಂ ಮುಚ್ಚಿತ್ತು. ಭಂಗಾರಕ್ಕೆ, ಎಂದರೆ ಗುಜರಿಗೆ, ಹೊರಟಿದ್ದ ಯಂತ್ರಗಳನ್ನು ರಘುಪತಿ ಕಾಡಿಬೇಡಿ ತಂದು, ಡೊಂಬಿವಲಿಯ ಕೈಗಾರಿಕಾ ವಸಾಹತು ಎಂಐಡಿಸಿಯಲ್ಲಿ ದೊಡ್ಡಪ್ಪನ ಮಗ ಕುಶಲನ ಖಾಲಿ ಗಾಳೆಯಲ್ಲಿ, ಬಾಡಿಗೆಗೆ ಕೊಡುವ ಶೆಡ್ಡಿನಲ್ಲಿ, ತುಂಬಿದ್ದ. ಕುಶಲ ಕೆಟ್ಟವನಲ್ಲ, ಇಡೀ ಮಳೆಗಾಲ ಸುಮ್ಮನಿದ್ದ. ಈಗ ಗಾಳೆಗೆ ಬಾಡಿಗೆದಾರರು ಬಂದಿದ್ದಾರೆ, ಅವರಿಗೆ ದಸರೆಯ ಮುಹೂರ್ತವೇ ಆಗಬೇಕು. ಮಧ್ಯಾಹ್ನದೊಳಗೆ ಖಾಲಿ ಮಾಡಿ ಎಂದಿದ್ದ. ನವಿ ಮುಂಬಯಿಯ ಒಂದು ಇಂಜಿನಿಯರಿಂಗ್ ಕಾಲೇಜಿನ ಹೃಷೀಕೇಶ ಸರ್ ಇವತ್ತು ಬೆಳಿಗ್ಗೆ ನೋಡಲು ಬರುವವರಿದ್ದರು. ಅವರ ಷರತ್ತು ಒಂದೇ: ಕಣ್ಣ ಮುಂದೆ ಯಂತ್ರ ನಡೆಯಬೇಕು. ನಡೆದರೆ ಅಷ್ಟೂ ಯಂತ್ರಗಳಿಗೆ ಕಾಲೇಜಿನಲ್ಲೊಂದು ಹಾಲ್. ನಡೆಯದಿದ್ದರೆ ಅದೇ ಟೆಂಪೋದಲ್ಲಿ ಶೀಳ್ ಫಾಟಾದ ಭಂಗಾರದ ಗೋಡೌನಿಗೆ.

ಉಳಿದ ಡಿಸ್ಕುಗಳಿಗೆಲ್ಲ ಗಾಳೆಯ ಮಳೆಗಾಲದಲ್ಲಿ ಬೂಷ್ಟು ಹಿಡಿದಿತ್ತು. ಯಂತ್ರವನ್ನು ಎಬ್ಬಿಸಬಲ್ಲದ್ದು ಇದೊಂದೇ. ಇದರ ಕಾಪಿ ತೆಗೆಯೋಣವೆಂದರೆ ಎರಡನೆಯ ಡ್ರೈವು ಕೆಟ್ಟಿತ್ತು. ಅಷ್ಟಮಿಯ ದಿನ ಅದು ರಿಪೇರಿಯಾಯಿತು. ‘ನಾಳೆಯೇ ಕಾಪಿ ತೆಗೆದುಬಿಡುತ್ತೇನೆ’ ಎಂದು ರಘುಪತಿ ಹಾರಾಡಿದ್ದ. ‘ನಾಳೆ ನವಮಿ. ಆಯುಧಪೂಜೆ ದಿನ ಯಂತ್ರಕ್ಕೆ ರಜೆ ಕೊಡ್ಲಿಕ್ಕುಂಟು. ಮುಟ್ಟಿದರೆ ನೋಡಿ!’ ಎಂದು ಬೆರಳು ತೋರಿಸಿ ತಡೆದವಳೂ ಇದೇ ಶ್ರೀಮತಿ.

ಇದೆಲ್ಲ ಅವಳಿಗೆ ಒಟ್ಟಿಗೆ ನೆನಪಾಯಿತು.

“ಒರೆಸಿದರೆ ಹೋಗುವುದಿಲ್ವಾ?” ಎಂದು ಸೆರಗು ಎತ್ತಿದಳು.

“ಮುಟ್ಟಬೇಡ!” ರಘುಪತಿ ಈಗ ಕೂಗಿದ. “ಒರೆಸಿದರೆ ಬರೆದದ್ದೆಲ್ಲ ಕೆರೆದುಹೋಗ್ತದೆ. ನಿನ್ನ ಭಕ್ತಿ ತಂದು ನನ್ನ ತಲೆ ಮೇಲೆ ಹಾಕಿದೆಯಲ್ಲ! ಯಾರು ಹೇಳಿದ್ದು ನಿಂಗೆ? ಯಾರು ಕೇಳಿದ್ದು ನಿನ್ನನ್ನು?”

ಅವಳು ಸೆರಗು ಬಿಟ್ಟಳು. ಯಂತ್ರ ಸುಸೂತ್ರ ನಡೆಯಲಿ ಎಂದೇ ತಾನು ಆ ಡಿಸ್ಕಿನ ಮುಂದೆ ಕಣ್ಣು ಮುಚ್ಚಿ ನಿಂತದ್ದು, ಇವರಿಗಾಗಿಯೇ ನಿಂತದ್ದು ಎಂದು ಹೇಳಬೇಕೆನಿಸಿತು. ಹೇಳಿದರೆ ಅಳು ಬರುತ್ತಿತ್ತು.

ಗಾಳೆಗೆ ರಿಕ್ಷಾದಲ್ಲಿ ಹೋದರು. ಹುರಿದ ರವೆ ಬಾಣಲೆಯಲ್ಲೇ ಉಳಿಯಿತು. ನಿನ್ನೆಯ ನೈವೇದ್ಯದ ಪಂಚಕಜ್ಜಾಯ ಒಂದು ಡಬ್ಬಿ, ಕಾಫಿಯ ಫ್ಲಾಸ್ಕು ಮಾತ್ರ ಚೀಲಕ್ಕೆ ಬಿತ್ತು. ದಾರಿಯುದ್ದಕ್ಕೂ ಕಾರ್ಖಾನೆಗಳ ಗೇಟಿಗೆ ಗೊಂಡೆಹೂವಿನ ಮಾಲೆ. ಪ್ರತಿ ಹೊಂಡಕ್ಕೂ ರಘುಪತಿ ಡಿಸ್ಕನ್ನು ಎತ್ತಿ ಹಿಡಿಯುತ್ತಿದ್ದ. ಹೆಂಡತಿಯ ಕಡೆ ನೋಡಲಿಲ್ಲ.

ಗಾಳೆಯ ಮುಂದೆ ಟೆಂಪೋ ಆಗಲೇ ಬಂದು ನಿಂತಿತ್ತು. ಡ್ರೈವರ್ ಚೆನ್ನಯ ಕಾಪು ಕಡೆಯವ, ಬಾನೆಟ್ಟಿಗೆ ಹಾರ ಹಾಕಿ ಕುಂಕುಮ ಹಚ್ಚಿದ್ದ. ಕುಂಕುಮ ನೋಡಿದ್ದೇ ಶ್ರೀಮತಿ ಮುಖ ತಿರುಗಿಸಿದಳು.

“ಎಲ್ಲಿಗೆ ಧನಿ? ಶೀಳ್ ಫಾಟಾಕ್ಕಾ, ಕಾಲೇಜಿಗಾ? ಕುಶಲಣ್ಣ ಶೀಳ್ ಅಂತಲೇ ಹೇಳಿದ್ದು.”

“ತಡಿ ಮಾರಾಯ, ಜೀವ ತಿನ್ನಬೇಡ,” ಎಂದು ರಘುಪತಿ ಶಟರ್ ಎತ್ತಿದ.

ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಸ್ಪಿರಿಟ್ ಬಾಟಲಿ, ಮೆತ್ತನೆಯ ಕುಂಚ, ಹತ್ತಿ, ಬ್ಲೇಡು ಇಟ್ಟ. ಲಕೋಟೆಯ ಅಂಚು ಕತ್ತರಿಸಿ ತಟ್ಟೆಯನ್ನು ಹೊರಗೆ ತೆಗೆಯಬೇಕು, ಕುಂಕುಮ ಬಿಡಿಸಬೇಕು, ಬೂಷ್ಟು ಹಿಡಿದ ಇನ್ನೊಂದು ಡಿಸ್ಕಿನ ಲಕೋಟೆ ಶುಚಿ ಮಾಡಿ ಅದರೊಳಗೆ ಇದನ್ನು ತೂರಿಸಬೇಕು. ಹೇಳುವುದು ಸುಲಭ. ಬ್ಲೇಡು ಹಿಡಿದ ಅವನ ಕೈ ಗಡಗಡ ನಡುಗುತ್ತಿತ್ತು. ಒಮ್ಮೆ ಇಟ್ಟ, ಮತ್ತೆ ಎತ್ತಿದ, ಮತ್ತೆ ಇಟ್ಟ.

“ಇತ್ಲಾಗಿ ಕೊಡಿ,” ಎಂದಳು ಶ್ರೀಮತಿ.

“ನೀನಾ?”

“ನನ್ನ ಕೈ ನಡುಗುವುದಿಲ್ಲ. ಹೇಗೆ ಅಂತ ನೀವು ಹೇಳಿ, ನಾನು ಮಾಡ್ತೇನೆ.”

ಅವನು ಅವಳ ಮುಖ ನೋಡಿದ. ಬೇರೆ ದಾರಿಯೂ ಇರಲಿಲ್ಲ. ಬಳೆ ತೆಗೆಸಿದ, ಉಂಗುರ ತೆಗೆಸಿದ, ಸೋಪಿನಲ್ಲಿ ಕೈ ತೊಳೆಸಿದ. ಅವಳು ಲಕೋಟೆಯ ಅಂಚು ಕೊಯ್ದು, ತಟ್ಟೆಯನ್ನು ನಡುವಿನ ತೂತಿಗೆ ಬೆರಳು ಕೊಟ್ಟು ಹೊರಗೆಳೆದಳು. ನೀರುದೋಸೆ ಕಾವಲಿಯಿಂದ ಏಳುವಾಗ ಹೇಗೆ ಬಳುಕುತ್ತದೋ ಹಾಗೆ ಬಳುಕಿತು ಅದು. ಅವನು ‘ಅಯ್ಯೋ ಅಯ್ಯೋ’ ಎಂದ.

“ನೀವು ಅಯ್ಯೋ ಅಂದರೆ ನಂಗೂ ನಡುಗ್ತದೆ. ಬಾಯಿ ಮುಚ್ಚಿ.”

ಮೊದಲು ಒಣ ಕುಂಚ. ಅಕ್ಷತೆ ಉದುರಿತು, ಕುಂಕುಮ ಕೆಂಪು ಧೂಳಾಗಿ ಬಟ್ಟೆಗೆ ಬಿತ್ತು. ಆಮೇಲೆ ಹತ್ತಿಗೆ ಸ್ಪಿರಿಟ್ಟು, ಒತ್ತಬಾರದು, ಉಜ್ಜಬಾರದು, ಇಟ್ಟು ಎತ್ತಬೇಕು. ಗಂಧ ಮೆಲ್ಲಮೆಲ್ಲನೆ ಮೆತ್ತಗಾಗಿ ಹತ್ತಿಗೆ ಬಂತು. ಇಟ್ಟಳು, ಎತ್ತಿದಳು. ಅವಳ ಕುತ್ತಿಗೆಯ ಬೆವರು ಬೆನ್ನಿಗೆ ಇಳಿಯುತ್ತಿತ್ತು. ‘ತಾಯೀ, ನಿನಗೆಂದೇ ಇಟ್ಟದ್ದು, ನೀನೇ ವಾಪಸು ಕೊಡು’ ಎಂದು ಮನಸ್ಸಿನೊಳಗೇ ಶಾರದೆಯ ಹತ್ತಿರ ವಾದಕ್ಕೆ ನಿಂತಿದ್ದಳು. ಕೊನೆಗೆ ಎಲ್ಲ ಹೋಯಿತು, ಒಂದು ಮಸುಕು ಗುರುತು ಬಿಟ್ಟು. ಅವಳ ಉಂಗುರಬೆರಳು ಒತ್ತಿದ ಜಾಗ ಅದು.

ರಘುಪತಿ ಭೂತಗನ್ನಡಿ ಹಿಡಿದು ಬಗ್ಗಿ ನೋಡಿದ. “ಅಲ್ಲಿ ಮೇಲಿನ ಪದರ ಸಡಿಲಾಗಿದೆ. ಒಂದು ಸಲ ಓದಬಹುದು. ಎರಡನೇ ಸಲಕ್ಕೆ ಕಿತ್ತುಬರ್ತದೆ.”

“ಒಂದು ಸಲ ಓದಿದರೆ ಸಾಕಲ್ವಾ?”

“ಆ ಒಂದು ಸಲ ಯಾವುದಕ್ಕೆ ಅಂತ ಪ್ರಶ್ನೆ. ಯಂತ್ರ ಎಬ್ಬಿಸ್ತೇನೆ, ಅದಕ್ಕೆ ಬೇಕಾದ್ದು ಅಂಚಿನ ಭಾಗ, ಅದು ಚೆನ್ನಾಗಿದೆ. ಎದ್ದ ಮೇಲೆ ಹೆಸರು ಅಚ್ಚು ಹಾಕಿ ತೋರಿಸಬೇಕೋ, ಇಡೀ ಡಿಸ್ಕ್ ಕಾಪಿ ಮಾಡಬೇಕೋ? ಎರಡೂ ಆ ಗುರುತಿನ ಮೇಲೆಯೇ ಹೋಗಬೇಕು.”

ಹೊಸ ಲಕೋಟೆಯಲ್ಲಿ ತಟ್ಟೆ ಸೇರಿತು. ಯಂತ್ರಕ್ಕೆ ಕರೆಂಟು ಕೊಟ್ಟ. ಫ್ಯಾನುಗಳು ಹೂಂಕರಿಸಿದವು, ಡ್ರೈವು ಕಟಕಟ ಎಂದಿತು, ಕಪ್ಪು ಪರದೆಯ ಮೂಲೆಯಲ್ಲಿ ಹಸಿರು ಅಕ್ಷರಗಳು ಬಂದು ನಿಂತವು. ಶ್ರೀಮತಿ ಎದೆಯ ಮೇಲೆ ಕೈಯಿಟ್ಟುಕೊಂಡಳು.

“ಕಾಪಿಯೇ ಮಾಡಿ,” ಎಂದಳು.

ರಘುಪತಿ ಎರಡನೆಯ ಡ್ರೈವಿಗೆ ಕಾಪಿಗೆಂದೇ ತಂದಿಟ್ಟಿದ್ದ ಹೊಸ ಖಾಲಿ ಡಿಸ್ಕು ಹಾಕಿ ಕೀಲಿ ಒತ್ತಿದ. ಅಷ್ಟರಲ್ಲಿ ಬಾಗಿಲಲ್ಲಿ ಕಾರು ನಿಂತಿತು.

ಹೃಷೀಕೇಶ ಸರ್ ಕುರ್ತಾ ಹಾಕಿಕೊಂಡು, ಕೈಯಲ್ಲಿ ಬನ್ನಿಯ ಹಾಗೆ ಇಲ್ಲಿಯವರು ಹಂಚುವ ಆಪಟೆ ಎಲೆ ಹಿಡಿದು ಬಂದರು. “ಸೋನಂ ಘ್ಯಾ,” ಚಿನ್ನ ತೆಗೆದುಕೊಳ್ಳಿ, ಎಂದು ಎಲೆ ಚಾಚಿದರು. ರಘುಪತಿ ಕೀಲಿಮಣೆಯಿಂದ ಕೈ ತೆಗೆಯಲಿಲ್ಲ. ಶ್ರೀಮತಿಯೇ ಎರಡೂ ಕೈಯಲ್ಲಿ ಎಲೆ ತೆಗೆದುಕೊಂಡಳು.

“ನನಗೆ ಸ್ವಲ್ಪ ಗಡಿಬಿಡಿ,” ಎಂದರು ಸರ್, ಮರಾಠಿಯಲ್ಲಿ. “ಥಾಣೆಯ ಮನೆಯಲ್ಲಿ ಮಗಳ ಪಾಟೀಪೂಜೆ, ಸ್ಲೇಟಿನ ಪೂಜೆ ಇದೆ, ಅಮ್ಮ ಕಾಯುತ್ತಿದ್ದಾಳೆ. ಹೇ ಚಾಲೂ ಆಹೇ ಕಾ?”

ಪರದೆಯ ಮೇಲೆ ಒಂದು ಹಸಿರು ಚುಕ್ಕೆ ಮಿನುಗುತ್ತಿತ್ತು. ಅಷ್ಟೇ. ನೋಡುವವರಿಗೆ ಅದು ಕೆಟ್ಟು ಕೂತ ಯಂತ್ರವೇ.

“ಚಾಲೂ ಆಹೇ ಸರ್,” ಎಂದ ರಘುಪತಿ. “ಸ್ವಲ್ಪ ಹೊತ್ತು...”

“ಏನೂ ಕಾಣಿಸುತ್ತಿಲ್ಲವಲ್ಲ. ಹೆಸರು ಪ್ರಿಂಟ್ ಆಗುತ್ತದೆ ಎಂದಿರಿ. ಬಂದ್ ಬಿದ್ದ ಸಾಮಾನು ನಮ್ಮ ಕಾಲೇಜಿನಲ್ಲೇ ರಾಶಿ ಇದೆ. ಇನ್ನಷ್ಟು ಕಪಾಟು ತಂದಿಟ್ಟರೆ ಪ್ರಿನ್ಸಿಪಾಲರು ನನ್ನನ್ನೇ ಭಂಗಾರಕ್ಕೆ ಹಾಕುತ್ತಾರೆ.” ನಕ್ಕರು, ಗಡಿಯಾರ ನೋಡಿದರು.

ರಘುಪತಿಯ ಬೆರಳು ಕೀಲಿಯೊಂದರ ಮೇಲೆ ಹೋದದ್ದು ಶ್ರೀಮತಿಗೆ ಕಂಡಿತು. ಕಾಪಿ ನಿಲ್ಲಿಸುವ ಕೀಲಿ ಅದೇ ಇರಬೇಕು. ಈಗಲೇ ನಿಲ್ಲಿಸಿ ಹೆಸರು ಅಚ್ಚು ಹಾಕಿ ತೋರಿಸಿದರೆ ಸರ್ ಒಪ್ಪಿಯಾರು. ಆದರೆ ಆಮೇಲೆ ಕಾಲೇಜಿನ ಹಾಲಿಗೆ ಹೋಗುವುದು ಇನ್ನೆಂದೂ ಏಳದ ಕಬ್ಬಿಣ. ಹಾರ ಹಾಕಿಸಿಕೊಂಡು ಗಾಜಿನೊಳಗೆ ಮಲಗುವ ಕಬ್ಬಿಣ. ಇದನ್ನು ತಿಳಿಯಲು ಅವಳಿಗೆ ಕಂಪ್ಯೂಟರು ಕಲಿಯಬೇಕಾಗಿರಲಿಲ್ಲ, ಗಂಡನ ಜೊತೆ ಬಾಳಿದ್ದೇ ಸಾಕಾಗಿತ್ತು.

“ನಿಲ್ಲಿಸಿದರೆ ಜಾಗ್ರತೆ!” ಎಂದಳು ಕನ್ನಡದಲ್ಲಿ, ಸರ್ ಕಡೆ ನಗುತ್ತಲೇ. ಆಮೇಲೆ ಮರಾಠಿಗೆ ತಿರುಗಿದಳು. “ಸರ್, ತಪ್ಪು ನನ್ನದು. ಇವರದ್ದಲ್ಲ, ಯಂತ್ರದ್ದೂ ಅಲ್ಲ.”

ಮತ್ತೆ ಇದ್ದದ್ದನ್ನೆಲ್ಲ ಹೇಳಿಬಿಟ್ಟಳು. ಫ್ಲಾಸ್ಕಿನಿಂದ ಕಾಫಿ ಸುರಿಯುತ್ತ, ಪಂಚಕಜ್ಜಾಯವನ್ನು ಅವರ ಅಂಗೈಗೆ ಹಾಕುತ್ತ, ಪ್ರಸಾದ ಬೇಡವೆನ್ನಲು ಬಿಡದೆ, ಗಂಧ ಕುಂಕುಮದ ಕತೆಯನ್ನು ಹೇಳಿದಳು. ಅವಳ ಮರಾಠಿಯಲ್ಲಿ ಉಡುಪಿಯೇ ಜಾಸ್ತಿ. ರಘುಪತಿಯ ಮುಖ ಕೆಂಪಾಯಿತು. ಮನೆಯ ಮರ್ಯಾದೆ ಹೀಗೆ ಬೀದಿಗೆ ಬಂದದ್ದು ಅವನಿಗೆ ಸಹಿಸಲಾಗಲಿಲ್ಲ. ಆದರೆ ಬೆರಳು ಕೀಲಿಯ ಮೇಲಿಂದ ಹಿಂದೆ ಬಂದಿತ್ತು.

“ಡಿಸ್ಕಿಗೆ ಕುಂಕುಮ ಯಾಕೆ ಅತ್ತಿಗೆ?” ಸರ್ ಬಾಯಿ ತುಂಬ ಪಂಚಕಜ್ಜಾಯ ಇಟ್ಟುಕೊಂಡೇ ಕೇಳಿದರು. ನಗಬೇಕೋ ಸಿಟ್ಟಾಗಬೇಕೋ ಅವರಿಗೆ ತಿಳಿದಂತಿರಲಿಲ್ಲ.

“ಯಂತ್ರ ಅದನ್ನು ‘ವಾಚತೋ’ ಅಂದ್ರು ಇವರು. ಓದುವಂಥದ್ದನ್ನು ಸರಸ್ವತಿ ಹತ್ರ ಇಡದೆ ಎಲ್ಲಿ ಇಡುವುದು? ನಿಮ್ಮ ಮಗಳ ಪಾಟಿಯನ್ನು ನೀವು ಇವತ್ತು ಎಲ್ಲಿ ಇಟ್ಟಿದ್ದೀರಿ?”

ಮರಾಠಿಯವರ ಮನೆಗಳಲ್ಲಿ ದಸರೆಗೆ ಮಕ್ಕಳ ಸ್ಲೇಟಿನ ಮೇಲೆ ಒಂದು, ಒಂದು ಎಂದು ಅಂಕಿಯನ್ನೇ ಬರೆದು ಬರೆದು ಸರಸ್ವತಿಯ ಚಿತ್ರ ಮಾಡುತ್ತಾರೆ, ಅದರ ಮೇಲೆ ಅರಿಶಿನ ಕುಂಕುಮ ಹಾಕುತ್ತಾರೆ. ಶ್ರೀಮತಿ ಅದನ್ನು ಅಕ್ಕಪಕ್ಕದ ಮನೆಗಳಲ್ಲಿ ವರ್ಷವೂ ನೋಡಿದ್ದಳು. ಸರ್ ಮೊಬೈಲು ತೆಗೆದು, ಥಾಣೆಯ ಅಮ್ಮನಿಗೆ ತಡವಾಗುತ್ತದೆಂದು ಹೇಳಿ, ಒಂದು ಖಾಲಿ ಪೆಟ್ಟಿಗೆಯ ಮೇಲೆ ಕೂತರು.

ಆಗಲೇ ಡ್ರೈವಿನ ಸದ್ದು ಬದಲಾಯಿತು. ಕಟಕಟ ಎನ್ನುತ್ತಿದ್ದದ್ದು ಕರ್ ಎಂದು ಎಳೆಯಿತು, ನಿಂತಿತು, ಮತ್ತೆ ಕರ್ ಎಂದಿತು. ಪರದೆಯ ಮೇಲೆ ಒಂದು ಸಾಲು ಬಂತು.

“ಎಂತಂತೆ?” ಎಂದಳು ಶ್ರೀಮತಿ.

“ಓದ್ಲಿಕ್ಕೆ ಆಗುದಿಲ್ಲವಂತೆ. ಬಿಡಲಾ, ಮತ್ತೆ ನೋಡಲಾ ಅಂತ ಕೇಳ್ತದೆ.”

ಗುರುತು ಬಂದಿತ್ತು. ಅವಳ ಬೆರಳಿನ ಗುರುತು. ರಘುಪತಿ ಮತ್ತೆ ನೋಡು ಎಂದು ಒತ್ತಿದ. ಕರ್. ಅದೇ ಸಾಲು. ಮತ್ತೆ ಒತ್ತಿದ. ಅದೇ. ಒಂದೊಂದು ಒತ್ತಿಗೂ ಒಳಗೆ ತಟ್ಟೆ ಸವೆಯುತ್ತಿದೆಯೆಂದು ಎಲ್ಲರಿಗೂ ಗೊತ್ತಿತ್ತು. ಹೊರಗಿನಿಂದ ಚೆನ್ನಯ “ಧನಿ, ಲೋಡ್ ಮಾಡುದಾ?” ಎಂದು ಕೂಗಿದ. ಸರ್ ಪೆಟ್ಟಿಗೆಯಿಂದ ಎದ್ದು ರಘುಪತಿಯ ಭುಜದ ಹಿಂದೆ ಬಂದು ನಿಂತಿದ್ದರು, ಕೈಯಲ್ಲಿ ಕಾಫಿ ಹಾಗೇ ಇತ್ತು.

ರಘುಪತಿ ಕೈ ಹಿಂದೆಗೆದ. “ನನ್ನಿಂದಾಗುದಿಲ್ಲ,” ಎಂದ. “ನೀನು ಒತ್ತು.”

ಅವಳು ತನ್ನ ಉಂಗುರಬೆರಳಿನಿಂದಲೇ ಒತ್ತಿದಳು. ಬೇಕೆಂದು ಮಾಡಿದ್ದಲ್ಲ, ಕುಂಕುಮ ಹಚ್ಚಿ ಹಚ್ಚಿ ಆ ಬೆರಳೇ ಮೊದಲು ಮುಂದೆ ಹೋಗುವ ಅಭ್ಯಾಸ. ಡ್ರೈವು ಕರ್ ಎಂದಿತು, ತಡೆಯಿತು, ಆಮೇಲೆ ಕಟ್. ಕಟಕಟ. ಕಟಕಟಕಟ.

“ಹೋಯ್ತು,” ಎಂದ ರಘುಪತಿ.

“ಅಯ್ಯೋ ದೇವರೇ! ಹೋಯ್ತಾ?”

“ಮುಂದೆ ಹೋಯ್ತು ಮಾರಾಯ್ತಿ, ಮುಂದೆ!”

ಕಾಪಿ ಮುಗಿದ ಮೇಲೆ ಯಂತ್ರ ಆರಿಸಿ, ಹೊಸ ಡಿಸ್ಕು ಹಾಕಿ ಎಬ್ಬಿಸಿದರು. ಎದ್ದಿತು. ಹೆಸರು ಹೇಳಿ ಸರ್ ಎಂದ ರಘುಪತಿ. ಅವರು ಮಗಳ ಹೆಸರು ಹೇಳಿದರು: ಮಾನಸಿ. ಪ್ರಿಂಟರು ಗರಗರ ಎಂದು ಗೇಣುದ್ದದ ಅಕ್ಷರಗಳನ್ನು ಒಂದೊಂದಾಗಿ ಹೊರಗೆ ತಳ್ಳಿತು. ಸರ್ ಕಾಗದವನ್ನು ಹರಿಯದಂತೆ ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡರು. ಹಾಲಿನ ಬೀಗ ಇವತ್ತೇ ತೆಗೆಸುತ್ತೇನೆ, ಈಗಲೇ ಕಳಿಸಿ ಎಂದು ಹೇಳಿ ಕಾರು ಹತ್ತಿದರು.

ಸಾಮಾನು ಏರಿಸುವಾಗ ರಘುಪತಿ ಹಳೇ ಡಿಸ್ಕನ್ನು ಇನ್ನೊಮ್ಮೆ ಹಾಕಿ ನೋಡಿದ್ದ. ಅದು ಓದಲಿಲ್ಲ. ಕರ್ ಎಂದೂ ಅನ್ನಲಿಲ್ಲ. ಅದನ್ನು ಮೇಜಿನ ಮೇಲೆ ಬಿಟ್ಟಿದ್ದ, ಶ್ರೀಮತಿ ಸುಮ್ಮನೆ ಎತ್ತಿಕೊಂಡಿದ್ದಳು. ಟೆಂಪೋದ ಕ್ಯಾಬಿನ್ನಿನಲ್ಲಿ ಚೆನ್ನಯ, ರಘುಪತಿ, ಅವಳು. ಡಿಸ್ಕು ಅವಳ ಮಡಿಲಲ್ಲಿ. ಬೆಳಿಗ್ಗೆ ಕೂಗಿದ್ದಕ್ಕೆ ಗಂಡ ಒಂದು ಮಾತೂ ಹೇಳಿರಲಿಲ್ಲ, ಅವಳೂ ಕೇಳಲಿಲ್ಲ. ಯಂತ್ರ ಉಳಿಯಿತು, ಆದರೆ ಮೂಲ ಡಿಸ್ಕು ಹೋಯಿತು, ಹೋದದ್ದು ತನ್ನ ಕೈಯಿಂದ. ಅದು ಅವಳ ಎದೆಯಲ್ಲಿ ಕೂತೇ ಇತ್ತು.

ಶೀಳ್ ಫಾಟಾದವರೆಗೆ ಎರಡು ಕಡೆಗೂ ದಾರಿ ಒಂದೇ. ಭಂಗಾರದ ಗೋಡೌನುಗಳ ತಗಡು ಕಂಡದ್ದೇ ಚೆನ್ನಯ ಅಭ್ಯಾಸದಿಂದ ವೇಗ ಇಳಿಸಿದ.

“ಸೀದಾ ಹೋಗು, ಮಹಾಪೆ ಕಡೆ, ಕಾಲೇಜಿಗೆ,” ಎಂದ ರಘುಪತಿ.

ಟೆಂಪೋ ತಗಡುಗಳನ್ನು ದಾಟಿತು. ಶ್ರೀಮತಿ ಮಡಿಲಿನಲ್ಲಿದ್ದದ್ದನ್ನು ನೋಡುತ್ತ, “ಪೂಜೆಗೆ ಇಟ್ಟ ಪುಸ್ತಕವನ್ನು ದಶಮಿ ದಿನ ಒಂದು ಸಾಲಾದ್ರೂ ಓದ್ಲಿಕ್ಕೇ ಬೇಕಲ್ವಾ,” ಎಂದಳು ಸಣ್ಣಗೆ. “ಪಾಪ, ಪೂರಾ ಓದಿತು. ಇನ್ನು ಇದನ್ನು ಎಂತ ಮಾಡುವುದು? ಬಿಸಾಡುವುದಾ?”

ರಘುಪತಿ ಡಿಸ್ಕನ್ನು ಅವಳ ಮಡಿಲಿಂದ ಎತ್ತಿ, ಅದರ ಮೇಲಿನ ಧೂಳನ್ನು ತನ್ನ ಅಂಗಿಯ ತೋಳಿನಿಂದ ಒರೆಸಿದ. ಒರೆಸಬಾರದೆಂದು ಬೆಳಿಗ್ಗೆ ಕೂಗಾಡಿದವನು ಇವನೇ.

“ಬಿಸಾಡ್ಲಿಕ್ಕೆ ಇದೇನು ಭಂಗಾರವಾ? ಬರುವ ವರ್ಷ ಪೂಜೆಗೆ ಇದನ್ನೇ ಇಡು,” ಎಂದ. “ಎಲ್ಲಿ ಬೇಕಾದ್ರೂ ಹಚ್ಚು ಕುಂಕುಮ. ನಾನು ಎಂತ ಹೇಳುದಿಲ್ಲ.”

ಡಿಸ್ಕನ್ನು ತಿರುಗಿ ಅವಳ ಮಡಿಲಲ್ಲಿಟ್ಟ. ಶ್ರೀಮತಿ ಆಗ ಅತ್ತಳು, ಮಹಾಪೆ ಬರುವವರೆಗೂ ಅತ್ತಳು, ಚೆನ್ನಯ ಅಷ್ಟು ಹೊತ್ತೂ ರಸ್ತೆಯನ್ನೇ ನೋಡಿದ.